ಯುದ್ಧದಲ್ಲಿ ಕುಸಿದ ಮನೆಯ ಕಲ್ಲು ಮತ್ತೆ ಯಾರ ಮನೆಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಗಾಜಾ ಮತ್ತು ಉಕ್ರೇನಿನ ಚಿತ್ರಗಳನ್ನು ನೋಡಿದ ಮಕ್ಕಳು "ಒಡೆದುಬಿದ್ದ ಅಷ್ಟೊಂದು ಕಟ್ಟಡಗಳನ್ನು ಆಮೇಲೆ ಏನು ಮಾಡುತ್ತಾರೆ?" ಎಂದು ಕೇಳುತ್ತಿದ್ದಾರೆ. ಅವನ್ನು ಪುಡಿ ಮಾಡಿ ಮತ್ತೆ ಕಟ್ಟಲು ಬಳಸಿದರೆ ಪರಿಸರಕ್ಕೂ ಒಳಿತು, ಹೋರಾಡಿದವರು ಒಟ್ಟಿಗೆ ದುಡಿಯಲು ಅದೊಂದು ದಾರಿಯೂ ಹೌದು ಎಂದು ಎಲ್ಲೋ ಓದಿದೆ. ಇದು ಎಷ್ಟರ ಮಟ್ಟಿಗೆ ನಿಜ? ಬರುವ ಬೇಸಿಗೆಯಲ್ಲಿ ನಮ್ಮ ಶಾಲೆಯ ಎರಡು ಹಳೆಯ ಕೊಠಡಿಗಳನ್ನು ಕೆಡವಲಿದ್ದಾರೆ. ಆ ಸಂದರ್ಭದಲ್ಲಿ ಮಕ್ಕಳಿಗೆ ಏನಾದರೂ ತೋರಿಸಬಹುದೇ?

ಉತ್ತರ: ನಿಮ್ಮ ಮಕ್ಕಳು ಕೇಳಿದ ಪ್ರಶ್ನೆಯನ್ನು ಯುದ್ಧ ನಿಂತ ಮಾರನೆಯ ದಿನ ಆ ಊರಿನ ಪ್ರತಿಯೊಬ್ಬ ನಿವಾಸಿಯೂ ಕೇಳಿಕೊಳ್ಳುತ್ತಾನೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಕಟ್ಟಡ ಸಾಮಗ್ರಿಗಳ ಬಗ್ಗೆ ಪಾಠ ಮಾಡಿದವನಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಓದಿದ ಎರಡು ಮಾತುಗಳೂ ನಿಜವಾಗಬಲ್ಲವು, ಆದರೆ ಅವಶೇಷವು ಕ್ರಷರ್‌ನ ಬಾಯಿಗೆ ಬೀಳುವ ಮೊದಲು ಅದನ್ನು ಸರಿಯಾಗಿ ಬೇರ್ಪಡಿಸಿದ್ದರೆ ಮಾತ್ರ. ಬೇರ್ಪಡಿಸುವುದೆಂದರೆ ಇಟ್ಟಿಗೆಯಿಂದ ಕಬ್ಬಿಣವನ್ನು, ಕಾಂಕ್ರೀಟಿನಿಂದ ವಿಷವನ್ನು ಬೇರೆ ಮಾಡುವುದಷ್ಟೇ ಅಲ್ಲ. ಯಾವ ರಾಶಿ ಯಾರ ಮನೆಯದು ಎಂಬುದನ್ನು ಗುರುತಿಸುವುದೂ ಅದೇ ಕೆಲಸದ ಭಾಗ. ಮೊದಲನೆಯದನ್ನು ಬಿಟ್ಟರೆ ಪರಿಸರ ಕೆಡುತ್ತದೆ, ಎರಡನೆಯದನ್ನು ಬಿಟ್ಟರೆ ಜನರ ನಡುವಿನ ಸಂಬಂಧ ಕೆಡುತ್ತದೆ.

ಮೊದಲು ಪ್ರಮಾಣದ ಕಲ್ಪನೆ ಬರಲಿ. 2024ರ ಮಧ್ಯಭಾಗದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಗಾಜಾದಲ್ಲಿ ಸುಮಾರು 3 ಕೋಟಿ 90 ಲಕ್ಷ ಟನ್ ಅವಶೇಷ ಬಿದ್ದಿದೆ ಎಂದು ಅಂದಾಜು ಮಾಡಿತ್ತು. 2025ರ ಹೊತ್ತಿಗೆ ಆ ಅಂದಾಜು 5 ಕೋಟಿ ಟನ್ನನ್ನು ದಾಟಿತು. ಗಾಜಾ ಪಟ್ಟಿಯ ವಿಸ್ತೀರ್ಣ ಸುಮಾರು 365 ಚದರ ಕಿಲೋಮೀಟರ್, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಮಕ್ಕಳಿಂದ ಒಂದು ಲೆಕ್ಕ ಮಾಡಿಸಿ: ಹತ್ತು ಟನ್ ಹೊರುವ ನೂರು ಟಿಪ್ಪರ್‌ಗಳು, ಒಂದೊಂದೂ ದಿನಕ್ಕೆ ಏಳು ಸಲ ಓಡಾಡಿದರೆ ದಿನಕ್ಕೆ 7,000 ಟನ್ ಸಾಗುತ್ತದೆ. ಒಂದು ದಿನವೂ ರಜೆಯಿಲ್ಲದೆ ದುಡಿದರೂ ಆ ಮೊದಲ ಅಂದಾಜಿನ ರಾಶಿಯನ್ನು ಸಾಗಿಸಿ ಮುಗಿಸಲು ಹದಿನೈದು ವರ್ಷ ಬೇಕು. 2022ರ ಆಗಸ್ಟ್ 28ರಂದು ನೋಯಿಡಾದಲ್ಲಿ ಸ್ಫೋಟಿಸಿ ಉರುಳಿಸಿದ ಅವಳಿ ಗೋಪುರಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅಲ್ಲಿ ಬಿದ್ದದ್ದು ಸುಮಾರು 80,000 ಟನ್. ಶಾಂತಿಯ ಕಾಲದಲ್ಲಿ, ರಸ್ತೆ, ವಿದ್ಯುತ್ತು, ಯಂತ್ರ, ಹಣ ಎಲ್ಲವೂ ಕೈಯಲ್ಲಿದ್ದೂ ಆ ಒಂದು ಗುಡ್ಡೆಯನ್ನು ತೆರವು ಮಾಡಲು ತಿಂಗಳುಗಟ್ಟಲೆ ಹಿಡಿಯಿತು. ಅಂಥ 480ಕ್ಕೂ ಹೆಚ್ಚು ಗುಡ್ಡೆಗಳನ್ನು, ಯಂತ್ರಗಳು ಗಡಿ ದಾಟಿ ಬರಲೂ ಅನುಮತಿ ಬೇಕಾದ ಜಾಗದಲ್ಲಿ ಊಹಿಸಿಕೊಳ್ಳಿ. ಸಿರಿಯಾದ ಅಲೆಪ್ಪೊ ನಗರವೊಂದರಲ್ಲೇ 1 ಕೋಟಿ 49 ಲಕ್ಷ ಟನ್ ಅವಶೇಷವಿದೆ ಎಂದು 2017ರಲ್ಲಿ ವಿಶ್ವಬ್ಯಾಂಕ್ ಲೆಕ್ಕ ಹಾಕಿತ್ತು. ಇರಾಕಿನ ಮೊಸುಲ್‌ನಲ್ಲಿ 2016–17ರ ಕಾಳಗ ಮುಗಿದಾಗ ಉಳಿದದ್ದು 70ರಿಂದ 80 ಲಕ್ಷ ಟನ್.

ಯುದ್ಧದಲ್ಲಿ ಊರು ಹಾಳಾಗುವುದು ನಮ್ಮ ನೆಲಕ್ಕೂ ಹೊಸದಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕೆಳದಿ ಅರಸರ ಆಳ್ವಿಕೆಯನ್ನು ಕೊನೆಗಾಣಿಸಿದ. ಇಂದು ನಗರ ಎಂದು ಕರೆಯುವ ಅದೇ ಬಿದನೂರಿನ ಕೋಟೆಗೋ ಕವಲೇದುರ್ಗಕ್ಕೋ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದರೆ ಅಲ್ಲಿನ ಅರಮನೆಯ ತಳಪಾಯ ಪಾಚಿಗಟ್ಟಿ ಹಸಿರಾಗಿ ನಿಂತಿರುವುದನ್ನು ನೀವು ಕಂಡಿರುತ್ತೀರಿ. ಕಲ್ಲು, ಮಣ್ಣು, ಮರ, ಸುಣ್ಣ, ಹಂಚು ಇವಿಷ್ಟರಿಂದ ಕಟ್ಟಿದ್ದು ಬಿದ್ದರೆ ಮಲೆನಾಡಿನ ನಾಲ್ಕಾರು ಮಳೆಗಾಲಗಳು ಅದನ್ನು ಮತ್ತೆ ಮಣ್ಣಿಗೆ ಸೇರಿಸಿಬಿಡುತ್ತವೆ, ಉಳಿದ ಕಲ್ಲು ಯಾರಿಗೂ ಕೇಡು ಮಾಡುವುದಿಲ್ಲ. ಇಂದಿನ ನಗರ ಬಿದ್ದಾಗ ಉಳಿಯುವುದು ಬೇರೆಯೇ ಜಾತಿಯ ವಸ್ತು. ಕಾಂಕ್ರೀಟು, ಕಬ್ಬಿಣದ ಸರಳು, ಜಿಪ್ಸಮ್ ಹಲಗೆ, ಆಸ್ಬೆಸ್ಟಾಸ್ ಶೀಟು, ಪ್ಲಾಸ್ಟಿಕ್ ಪೈಪು, ವಿದ್ಯುತ್ ತಂತಿ, ಬ್ಯಾಟರಿ, ಸೋಲಾರ್ ಫಲಕ, ಆಸ್ಪತ್ರೆಯ ತ್ಯಾಜ್ಯ, ಪೆಟ್ರೋಲ್ ಬಂಕಿನ ಎಣ್ಣೆ, ಇವೆಲ್ಲವೂ ಒಂದಕ್ಕೊಂದು ಬೆರೆತ ರಾಶಿ ಅದು. ಅದನ್ನು ಕಾಡು ಜೀರ್ಣಿಸಿಕೊಳ್ಳಲಾರದು.

ಆ ರಾಶಿಗೆ ಕೈ ಹಾಕುವಾಗ ಎಲ್ಲಕ್ಕಿಂತ ಮೊದಲು ಎದುರಾಗುವುದು ಸಿಡಿಯದ ಮದ್ದುಗುಂಡು. ಹಾರಿಸಿದ ಗುಂಡು, ಬಾಂಬುಗಳಲ್ಲಿ ನೂರಕ್ಕೆ ಕನಿಷ್ಠ ಹತ್ತು ಸಿಡಿಯದೆ ಉಳಿಯುತ್ತವೆ ಎಂದು ವಿಶ್ವಸಂಸ್ಥೆಯ ನೆಲಬಾಂಬು ನಿವಾರಣಾ ವಿಭಾಗದವರು ಅಂದಾಜಿಸುತ್ತಾರೆ. ಹಾಗಾಗಿ ಜೆಸಿಬಿಯವನಿಗಿಂತ ಮೊದಲು ಮದ್ದುಗುಂಡು ತಜ್ಞನೇ ಅಲ್ಲಿಗೆ ಹೋಗಬೇಕು. ಎರಡನೆಯದಾಗಿ, ಆ ರಾಶಿಯ ಕೆಳಗೆ ಮನುಷ್ಯರಿದ್ದಾರೆ. ದೇಹಗಳನ್ನು ಗೌರವದಿಂದ ಹೊರತೆಗೆದು, ಗುರುತಿಸಿ, ಬಂಧುಗಳಿಗೆ ಒಪ್ಪಿಸುವವರೆಗೆ ಅದನ್ನು 'ಕಚ್ಚಾವಸ್ತು' ಎಂದು ಕರೆಯುವ ಹಕ್ಕು ಯಾವ ಎಂಜಿನಿಯರನಿಗೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದು ಆಸ್ಬೆಸ್ಟಾಸ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ದನದ ಕೊಟ್ಟಿಗೆಗಳ ಮೇಲೆ, ಅಡಿಕೆ ಸುಲಿಯುವ ಚಪ್ಪರಗಳ ಮೇಲೆ ನಾವು 'ಸಿಮೆಂಟ್ ಶೀಟು' ಎಂದು ಕರೆಯುವ ವಸ್ತುವಿನಲ್ಲಿ ಅದೇ ಇರುತ್ತದೆ. ಶೀಟು ಇಡಿಯಾಗಿ ಇರುವಷ್ಟು ಕಾಲ ಅದರ ನಾರು ಸಿಮೆಂಟಿನ ಹಿಡಿತದಲ್ಲಿರುತ್ತದೆ. ಒಡೆದಾಗ, ಕೊಯ್ದಾಗ, ಅದಕ್ಕಿಂತ ಹೆಚ್ಚಾಗಿ ಕ್ರಷರ್‌ಗೆ ಹಾಕಿ ಅರೆದಾಗ, ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುತ್ತದೆ. ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕ ನಾರು ಅಲ್ಲೇ ಉಳಿದು, ಇಪ್ಪತ್ತು ಮೂವತ್ತು ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಲ್ಲದು. ಗಾಜಾದ ಅವಶೇಷದಲ್ಲಿ 8 ಲಕ್ಷ ಟನ್ನಿನಷ್ಟಕ್ಕೆ ಆಸ್ಬೆಸ್ಟಾಸ್ ತಗುಲಿರಬಹುದೆಂಬ ಅಂದಾಜಿದೆ. ಉಕ್ರೇನಿನ ಹಳ್ಳಿ ಪಟ್ಟಣಗಳ ಛಾವಣಿಗಳಲ್ಲಿಯೂ ಈ ಶೀಟು ಹೇರಳವಾಗಿದೆ. ಅಂಥ ಶೀಟಿನ ಚೂರುಗಳಿಗೆ ನೀರು ಸಿಂಪಡಿಸಿ ಒದ್ದೆ ಮಾಡಿ, ಕೈಯಿಂದ ಆಯ್ದು, ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗುರುತು ಬರೆದು, ಬೇರೆ ಗುಂಡಿಯಲ್ಲಿ ಮುಚ್ಚಬೇಕು. ಅವಸರದಲ್ಲಿ ಈ ಒಂದು ಹೆಜ್ಜೆಯನ್ನು ಬಿಟ್ಟವರು ತಮ್ಮ ಮಕ್ಕಳು ನಡೆಯುವ ಹೊಸ ರಸ್ತೆಯ ತಳಕ್ಕೆ ವಿಷವನ್ನು ಹಾಸಿದಂತಾಗುತ್ತದೆ. ಪುನರ್ಬಳಕೆಯ ಹೆಸರಿನಲ್ಲಿ ಇದು ನಡೆಯುವುದಾದರೆ ಪುನರ್ಬಳಕೆಯೇ ಬೇಡ ಎಂದು ನಾನು ಹೇಳುತ್ತೇನೆ.

ಇನ್ನು ಒಳ್ಳೆಯ ಭಾಗಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯಲ್ಲಿ ಸುಮಾರು 40 ಕೋಟಿ ಘನ ಮೀಟರ್ ಅವಶೇಷ ಬಿದ್ದಿತ್ತು, ಬರ್ಲಿನ್ ನಗರವೊಂದರಲ್ಲೇ ಏಳೂವರೆ ಕೋಟಿ. ಬೀದಿಯಲ್ಲಿ ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ, ಸುತ್ತಿಗೆಯಿಂದ ಹಳೆಯ ಗಾರೆಯನ್ನು ತಟ್ಟಿ ಉದುರಿಸಿ, ಅಟ್ಟಿ ಒಟ್ಟುತ್ತಿದ್ದ ಚಿತ್ರಗಳನ್ನು ನೀವು ನೋಡಿರಬಹುದು. ಬರ್ಲಿನ್‌ನಲ್ಲಿ ಅಂಥ ಮಹಿಳೆಯರು ಸುಮಾರು 60,000 ಇದ್ದರೆಂದು ಹೇಳುತ್ತಾರೆ. ಒಟ್ಟು ಕೆಲಸದಲ್ಲಿ ಗುತ್ತಿಗೆ ಕಂಪನಿಗಳ, ಯಂತ್ರಗಳ, ಬಲವಂತವಾಗಿ ದುಡಿಸಿದ ಕೈದಿಗಳ ಪಾಲು ದೊಡ್ಡದಿತ್ತು ಎಂದು ಇತಿಹಾಸಕಾರರು ಈಚೆಗೆ ತೋರಿಸಿದ್ದಾರೆ. ಅದನ್ನೂ ಮಕ್ಕಳಿಗೆ ಹೇಳಿ. ಆದರೆ ಕಟ್ಟಡ ಸಾಮಗ್ರಿಯ ಮೇಷ್ಟರಾಗಿ ನನ್ನ ಕಣ್ಣು ಹೋಗುವುದು ಬೇರೊಂದು ಸಂಗತಿಯ ಕಡೆಗೆ: ಆ ಇಟ್ಟಿಗೆಗಳು ಇಡಿಯಾಗಿ ಬಿಡಿಸಿಕೊಂಡು ಬಂದದ್ದು ಹೇಗೆ? ಅವುಗಳನ್ನು ಸುಣ್ಣದ ಗಾರೆಯಿಂದ ಕಟ್ಟಿದ್ದರು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಪೆಟ್ಟು ಬಿದ್ದಾಗ ಅದು ಉದುರಿ ಇಟ್ಟಿಗೆಯನ್ನು ಉಳಿಸಿಕೊಡುತ್ತದೆ. ಸಿಮೆಂಟ್ ಗಾರೆ ಎಷ್ಟೋ ಸಲ ಇಟ್ಟಿಗೆಗಿಂತ ಗಟ್ಟಿ. ಪೆಟ್ಟಿಗೆ ಇಟ್ಟಿಗೆಯೇ ಒಡೆಯುತ್ತದೆ, ಗಾರೆ ಅಂಟಿಕೊಂಡೇ ಇರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ತಾಯಿಯ ತವರುಮನೆ ಕೊಪ್ಪದ ಕಡೆಯದು. ಜಂಬಿಟ್ಟಿಗೆಯ, ಎಂದರೆ ಕೆಂಪು ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಹಲಸಿನ ಕಂಬಗಳ ತೊಟ್ಟಿಮನೆ. ಪಾಲಾದಾಗ ಅದನ್ನು ಬಿಚ್ಚಬೇಕಾಯಿತು. ಬಿಚ್ಚುವ ಹಿಂದಿನ ದಿನ ಆಚಾರಿ ಬಂದು ಒಂದೊಂದು ತೊಲೆಗೂ ಪಕಾಸಿಗೂ ಸೀಮೆಸುಣ್ಣದಲ್ಲಿ ಅಂಕಿ ಬರೆದ. ಊರಿನ ಹಿರಿಯರೊಬ್ಬರು ಜಗಲಿಯ ಮೇಲೆ ಕೂತು, ಹಂಚೆಷ್ಟು, ಕಂಬವೆಷ್ಟು, ಹೆಬ್ಬಾಗಿಲು ಯಾರಿಗೆ, ಬಚ್ಚಲಿನ ಹಂಡೆ ಯಾರಿಗೆ ಎಂದು ಪಟ್ಟಿ ಬರೆಸಿದರು. ಮಾತು ಬಿಟ್ಟಿದ್ದ ಇಬ್ಬರು ಮಾವಂದಿರು ಅಂದು ಮಧ್ಯಾಹ್ನ ಒಂದೇ ಅಟ್ಟದ ಮೇಲೆ ನಿಂತು ಹಂಚು ಎಣಿಸಿದರು. ಅವರ ನಡುವಿನ ಮನಸ್ತಾಪ ಅಂದೇ ಮುಗಿಯಿತೆಂದು ನಾನು ಹೇಳುವುದಿಲ್ಲ, ಮುಗಿಯಲಿಲ್ಲ. ಆದರೆ ಹಂಚಿನ ಲೆಕ್ಕದ ಬಗ್ಗೆ ಮುಂದೆ ಎಂದೂ ಜಗಳವಾಗಲಿಲ್ಲ. ಮಣ್ಣಿನ ಗಾರೆಯಲ್ಲಿ ಕೂರಿಸಿದ್ದ ಜಂಬಿಟ್ಟಿಗೆಗಳು ಅಂಚು ಕೂಡ ಮುಕ್ಕಾಗದೆ ಬಿಡಿಸಿಕೊಂಡವು. ಅವೇ ಕಲ್ಲುಗಳು ಇಂದು ಒಬ್ಬ ಮಾವನ ಕೊಟ್ಟಿಗೆಯಲ್ಲಿಯೂ ಇನ್ನೊಬ್ಬ ಮಾವನ ಮನೆಯ ಪಾಗಾರದಲ್ಲಿಯೂ ಇವೆ. ಅದೇ ಮನೆಗೆ ನಂತರ ಸಿಮೆಂಟಿನಲ್ಲಿ ಸೇರಿಸಿ ಕಟ್ಟಿದ್ದ ಒಂದು ಕೋಣೆ ಮಾತ್ರ ಚೂರುಚೂರಾಗಿ ಗದ್ದೆಯ ದಾರಿಯ ಹೊಂಡ ತುಂಬಲಷ್ಟೇ ಉಪಯೋಗಕ್ಕೆ ಬಂತು.

ಇಂದಿನ ಯುದ್ಧಗಳಲ್ಲಿ ಬೀಳುತ್ತಿರುವುದು ಬಹುಪಾಲು ಈ ಎರಡನೆಯ ಬಗೆಯ ಕಟ್ಟಡ. ಅದನ್ನು ಇಡಿಯಾಗಿ ಉಳಿಸಿಕೊಳ್ಳಲಾಗದು, ಅರೆಯಲೇಬೇಕು. ಸರಳುಗಳನ್ನು ಎಳೆದು, ಕಾಂಕ್ರೀಟನ್ನು ಒಡೆದು, ಅಯಸ್ಕಾಂತದಿಂದ ಉಳಿದ ಕಬ್ಬಿಣವನ್ನು ತೆಗೆದು, ಜರಡಿ ಹಿಡಿದು ಜಲ್ಲಿ ಮಾಡುತ್ತಾರೆ. ಆ ಜಲ್ಲಿಯ ಒಂದು ಗುಣವನ್ನು ತಿಳಿಯದೆ ಬಳಸಿದವರು ಕೈ ಸುಟ್ಟುಕೊಳ್ಳುತ್ತಾರೆ. ಎರಡು ಬಕೆಟ್ ನೀರು ಇಟ್ಟು, ಒಂದಕ್ಕೆ ಕ್ವಾರಿಯ ಹೊಸ ಜಲ್ಲಿ, ಇನ್ನೊಂದಕ್ಕೆ ಒಡೆದ ಹಳೆಯ ಸ್ಲ್ಯಾಬಿನ ಚೂರುಗಳನ್ನು ಹಾಕಿಸಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಮೊದಲನೆಯದು ಸುಮ್ಮನೆ ಮುಳುಗುತ್ತದೆ. ಎರಡನೆಯದರಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಹತ್ತು ನಿಮಿಷವಾದರೂ ಸಾಲಾಗಿ ಏಳುತ್ತಲೇ ಇರುತ್ತವೆ. ಚೂರಿಗೆ ಅಂಟಿಕೊಂಡ ಹಳೆಯ ಗಾರೆಯಲ್ಲಿ ರಂಧ್ರಗಳಿವೆ. ನೀರು ಒಳಹೊಕ್ಕು ಗಾಳಿ ಹೊರಬರುತ್ತಿದೆ. ಕ್ವಾರಿಯ ಕಲ್ಲು ತನ್ನ ತೂಕದ ನೂರಕ್ಕೆ ಒಂದರಷ್ಟೂ ನೀರು ಕುಡಿಯುವುದಿಲ್ಲ, ಹಳೆಯ ಕಾಂಕ್ರೀಟಿನ ಚೂರು ನಾಲ್ಕೈದರಷ್ಟು ಕುಡಿಯುತ್ತದೆ, ಇಟ್ಟಿಗೆಯಾದರೆ ಹದಿನೈದರವರೆಗೂ ಹೋಗಬಹುದು. ಒಣಗಿದ ಚೂರನ್ನೇ ಕಾಂಕ್ರೀಟಿಗೆ ಹಾಕಿದರೆ ಸಿಮೆಂಟಿಗೆ ಸೇರಬೇಕಾದ ನೀರನ್ನು ಅದು ಹೀರಿಬಿಡುತ್ತದೆ. ಮೇಸ್ತ್ರಿ ಕಲಸಲು ಕಷ್ಟವೆಂದು ಮೇಲೆ ಮೇಲೆ ನೀರು ಸುರಿಯುತ್ತಾನೆ, ಕಾಂಕ್ರೀಟು ದುರ್ಬಲವಾಗುತ್ತದೆ. ಹಾಗಾಗಿ ಮೊದಲೇ ನೆನೆಸಿಟ್ಟು ಬಳಸಬೇಕು. ಜಿಪ್ಸಮ್ ಬೆರೆತಿದ್ದರೆ ಕಾಂಕ್ರೀಟು ಒಳಗೊಳಗೇ ಉಬ್ಬಿ ಬಿರುಕು ಬಿಡುತ್ತದೆ, ಸಮುದ್ರದ ಉಪ್ಪು ಸೇರಿದ್ದರೆ ಸರಳಿಗೆ ತುಕ್ಕು ಹಿಡಿಯುತ್ತದೆ. ಇಲ್ಲಿಯೂ ಬೇರ್ಪಡಿಸುವುದೇ ಮುಖ್ಯ.

ಇಷ್ಟು ಎಚ್ಚರ ವಹಿಸಿದರೆ ಇದು ಒಳ್ಳೆಯ ವಸ್ತು. ಜರ್ಮನರು 1951ರಲ್ಲೇ ಇಟ್ಟಿಗೆ ಚೂರಿನ ಕಾಂಕ್ರೀಟಿಗೆ ಪ್ರತ್ಯೇಕ ಮಾನದಂಡ ರೂಪಿಸಿಕೊಂಡರು. ನಮ್ಮ ದೇಶದಲ್ಲಿ ಕಾಂಕ್ರೀಟಿನ ಜಲ್ಲಿ, ಮರಳಿಗೆ ಸಂಬಂಧಿಸಿದ ಐಎಸ್ 383 ಎಂಬ ಮಾನದಂಡದ 2016ರ ಪರಿಷ್ಕರಣೆಯು ಹಳೆಯ ಕಾಂಕ್ರೀಟಿನಿಂದ ತಯಾರಿಸಿದ ಜಲ್ಲಿಯನ್ನು ಸರಳಿಲ್ಲದ ಕಾಂಕ್ರೀಟಿನಲ್ಲಿ ಶೇಕಡ 25ರವರೆಗೆ, ಎಂ-25 ಎಂಬ ಬಲದ ದರ್ಜೆಯವರೆಗಿನ ಆರ್‌ಸಿಸಿಯಲ್ಲಿ (ಸರಳು ಹಾಕಿದ ಕಾಂಕ್ರೀಟಿನಲ್ಲಿ) ಶೇಕಡ 20ರವರೆಗೆ, ತಳಪಾಯದ ಕೆಳಗೆ ಹಾಸುವ ಬಡ ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಲು ಅವಕಾಶ ಕೊಟ್ಟಿದೆ. ಇಟ್ಟಿಗೆ ಬೆರೆತದ್ದಾದರೆ ಬಡ ಕಾಂಕ್ರೀಟಿಗೆ ಮಾತ್ರ. ರಸ್ತೆಯ ತಳಪದರ, ಚರಂಡಿಯ ಬದಿ, ಪೇವರ್ ಬ್ಲಾಕು, ಫುಟ್‌ಪಾತಿನ ಅಂಚುಗಲ್ಲು, ಇವುಗಳಿಗಂತೂ ಧಾರಾಳವಾಗಿ ಬಳಸಬಹುದು. ಯುದ್ಧಾನಂತರ ಊರಿಗೆ ಮೊದಲು ಬೇಕಾಗುವುದೂ ರಸ್ತೆ, ಚರಂಡಿಗಳೇ ಆದ್ದರಿಂದ ಒಡೆದ ಮನೆಗಳ ಪುಡಿಯನ್ನು ಮೊದಲು ಅಲ್ಲಿಗೆ ಹಾಕುವುದು ಜಾಣತನ.

ಪರಿಸರಕ್ಕೆ ಆಗುವ ಲಾಭದ ಬಗ್ಗೆ ಉತ್ಪ್ರೇಕ್ಷೆಯ ಮಾತುಗಳೂ ಕೇಳಿಬರುತ್ತವೆ. ಕಟ್ಟಡಗಳಿಂದ ಹೊಮ್ಮುವ ಇಂಗಾಲದಲ್ಲಿ ಸಿಮೆಂಟಿನ ಪಾಲು ದೊಡ್ಡದು. ಪುನರ್ಬಳಕೆಯ ಜಲ್ಲಿ ಸಿಮೆಂಟನ್ನು ಉಳಿಸುವುದಿಲ್ಲ, ಅದು ಉಳಿಸುವುದು ಕಲ್ಲನ್ನು ಮತ್ತು ಮರಳನ್ನು. ಆದರೆ ಆ ಉಳಿತಾಯವೇನೂ ಸಣ್ಣದಲ್ಲ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ. ಮನೆಗಳನ್ನು ಕಳೆದುಕೊಂಡ ನಾಡು ಅವನ್ನು ಮತ್ತೆ ಕಟ್ಟಲು ತನ್ನ ಬೆಟ್ಟಗಳನ್ನು ಒಡೆದು, ಹೊಳೆಗಳನ್ನು ಬಗೆದು, ಇತ್ತ ಒಡೆದ ಮನೆಗಳನ್ನು ಕಣಿವೆಗೆ ಸುರಿದರೆ ಯುದ್ಧ ಮುಟ್ಟದ ಜಾಗಕ್ಕೂ ಯುದ್ಧದ ಗಾಯ ತಗುಲುತ್ತದೆ. ಮೊಸುಲ್‌ನಲ್ಲಿ ಮೊದಲ ದಿನಗಳಲ್ಲಿ ಹಾಗೆಯೇ ಆಯಿತು: ಟಿಪ್ಪರ್‌ಗಳು ಹಳ್ಳಗಳಿಗೂ ಟೈಗ್ರಿಸ್ ನದಿಯ ದಡಕ್ಕೂ ರಾಶಿ ಸುರಿದವು. ನಂತರವಷ್ಟೇ ವಿಶ್ವಸಂಸ್ಥೆಯ ಸಂಸ್ಥೆಗಳೂ ಸ್ಥಳೀಯ ಆಡಳಿತಗಳೂ ಸೇರಿ ಅರೆಯುವ ಘಟಕಗಳನ್ನು ಆರಂಭಿಸಿದವು. ಊರು ಬಿಟ್ಟು ಹೋಗಿ ಮರಳಿ ಬಂದವರಿಗೆ ಅಲ್ಲಿ ಕೂಲಿ ದೊರೆಯಿತು.

ಅರೆದೂ ಉಳಿಯುವುದನ್ನು ಎಲ್ಲಿ ಇಡಬೇಕು ಎಂಬುದಕ್ಕೂ ಬರ್ಲಿನ್ ಒಂದು ಉದಾಹರಣೆ. ಅಲ್ಲಿ ಗ್ರೂನೆವಾಲ್ಡ್ ಕಾಡಿನ ಅಂಚಿನಲ್ಲಿ ಸುಮಾರು 2 ಕೋಟಿ 60 ಲಕ್ಷ ಘನ ಮೀಟರ್ ಅವಶೇಷವನ್ನು ಪೇರಿಸಿ ಟೊಯ್ಫೆಲ್ಸ್‌ಬರ್ಗ್ ಎಂಬ ಗುಡ್ಡ ಮಾಡಿ, ಮೇಲೆ ಮಣ್ಣು ಹಾಸಿ, ಮರ ನೆಟ್ಟರು. ಇಂದು ಜನ ಅಲ್ಲಿಗೆ ಗಾಳಿ ಸೇವನೆಗೆ ಹೋಗುತ್ತಾರೆ. ಹರ್ಬರ್ಟ್ ಸುಕೋಪ್ ಎಂಬ ಸಸ್ಯವಿಜ್ಞಾನಿ ಬರ್ಲಿನ್‌ನ ಪಾಳು ನಿವೇಶನಗಳಲ್ಲಿ ತಾವಾಗಿಯೇ ಎದ್ದ ಗಿಡಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಸುಣ್ಣ ತುಂಬಿದ, ನೀರು ನಿಲ್ಲದ, ಬೇಗ ಬಿಸಿಯೇರುವ ಆ ನೆಲದಲ್ಲಿ ಬೆಚ್ಚಗಿನ ನಾಡುಗಳ ಸಸ್ಯಗಳು ಬೇರೂರಿದ್ದವು. ಇದರಿಂದ ನಮ್ಮವರು ಕಲಿಯಬೇಕಾದ ಸಂಗತಿಯೊಂದಿದೆ. ಮಲೆನಾಡಿನ ಕೆಂಪುಮಣ್ಣು ಹುಳಿಗುಣದ್ದು, ಕಾಂಕ್ರೀಟಿನ ಪುಡಿ ಕ್ಷಾರಗುಣದ್ದು. ಅಡಿಕೆ ತೋಟದ ಪಕ್ಕಕ್ಕೋ ಕೆರೆಯ ಏರಿಗೋ ಅದನ್ನು ತಂದು ಸುರಿದರೆ ನಮ್ಮ ಅಬ್ಬರದ ಮಳೆ ಅದನ್ನು ತೊಳೆದು ಮಣ್ಣಿನ ಗುಣವನ್ನೇ ಬದಲಿಸುತ್ತದೆ. ಊರಂಚಿನ ಕೆರೆಗಳ ಅಂಗಳಕ್ಕೆ ರಾತ್ರೋರಾತ್ರಿ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿಯುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ಪ್ರಶ್ನೆಯ ಕಠಿಣ ಭಾಗ: ಇದರಿಂದ ಜನ ಒಂದಾಗುತ್ತಾರೆಯೇ? ತಾನಾಗಿ ಆಗುವುದಿಲ್ಲ. ಹಿರಿಯರು ಜಗಲಿಯ ಮೇಲೆ ಕೂತು ಬರೆಸಿದ ಪಟ್ಟಿ ಇಲ್ಲದಿದ್ದರೆ ನನ್ನ ಮಾವಂದಿರು ಹಂಚಿಗಾಗಿ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಒಡೆದ ಮನೆಯ ಇಟ್ಟಿಗೆ, ಸರಳು, ಬಾಗಿಲು ಎಲ್ಲವೂ ಆ ಮನೆಯವರ ಸೊತ್ತು. ಮನೆ ಬಿದ್ದ ಮಾತ್ರಕ್ಕೆ ಅದು ಕಸವಾಗುವುದಿಲ್ಲ. ಸಿರಿಯಾದಲ್ಲಿ 2018ರಲ್ಲಿ ಬಂದ ಅವಶೇಷ ತೆರವಿನ 3ನೇ ಸಂಖ್ಯೆಯ ಕಾನೂನು, ಮಾಲೀಕರು ಅಲ್ಪ ಗಡುವಿನೊಳಗೆ ಬಂದು ತಮ್ಮ ಹಕ್ಕನ್ನು ಸಾಧಿಸಬೇಕೆಂದಿತು. ಪ್ರಾಣ ಉಳಿಸಿಕೊಳ್ಳಲು ದೇಶವನ್ನೇ ಬಿಟ್ಟು ಓಡಿದವರು ಆ ಗಡುವಿನೊಳಗೆ ಬರುವುದು ಹೇಗೆ? ಲೆಬನಾನಿನ ಬೇರೂತ್‌ನಲ್ಲಿ 1990ರಲ್ಲಿ ಅಂತರ್ಯುದ್ಧ ಮುಗಿದ ನಂತರ ನಗರದ ನಡುಭಾಗವನ್ನು ಒಂದು ಖಾಸಗಿ ಕಂಪನಿಗೆ ವಹಿಸಿ, ಹಳೆಯ ಮಾಲೀಕರಿಗೆ ಆಸ್ತಿಯ ಬದಲು ಷೇರುಗಳನ್ನು ಕೊಟ್ಟರು, ಅವಶೇಷವನ್ನು ಸಮುದ್ರಕ್ಕೆ ತುಂಬಿ ಹೊಸ ನೆಲ ಮಾಡಿದರು. ಕಟ್ಟಡಗಳು ಎದ್ದವು, ಆದರೆ ತಮ್ಮನ್ನು ಹೊರಗಿಟ್ಟು ಕಟ್ಟಿದರೆಂಬ ನೋವು ಅನೇಕರಲ್ಲಿ ಉಳಿಯಿತು. ಪೋಲೆಂಡಿನ ವಾರ್ಸಾವನ್ನು ಕಟ್ಟಲು ವ್ರೋತ್ಸ್ವಾಫ್‌ನಂಥ ಬೇರೆ ನಗರಗಳಿಂದ ಇಟ್ಟಿಗೆ ಸಾಗಿಸಿದರು. ಒಂದು ಊರು ಎದ್ದು ನಿಲ್ಲಲು ಇನ್ನೊಂದು ಊರಿನ ಗೋಡೆಗಳು ಕರಗಿದವು. ಅದೇ ವಾರ್ಸಾದಲ್ಲಿ ಯಹೂದಿಗಳನ್ನು ಕೂಡಿಹಾಕಿ ನಾಶ ಮಾಡಿದ ವಠಾರದ ಅವಶೇಷದ ಮೇಲೆಯೇ, ಆ ಅವಶೇಷದಿಂದಲೇ ಮಾಡಿದ ಕಾಂಕ್ರೀಟ್ ಬ್ಲಾಕುಗಳಿಂದ ಮುರಾನೂಫ್ ಬಡಾವಣೆಯನ್ನು ಕಟ್ಟಿದರು. ವಾಸ್ತುಶಿಲ್ಪಿ ಬೋಹ್ದಾನ್ ಲಾಖೆರ್ಟ್ ಆ ಗೋಡೆಗಳಿಗೆ ಗಿಲಾವು ಮಾಡದೆ, ಒಡೆದ ಇಟ್ಟಿಗೆಯ ಕೆಂಪು ಕಾಣುವಂತೆ ಬಿಡಬೇಕೆಂದು ಬಯಸಿದ್ದರು. ವರ್ಷಗಳಲ್ಲೇ ಅವುಗಳಿಗೆ ಗಿಲಾವು ಬಿತ್ತು. ಲಾಖೆರ್ಟ್ ಹೇಳಿದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ, ಆದರೆ ದಿನವೂ ಆ ಗೋಡೆಗಳ ನಡುವೆ ಬಾಳಬೇಕಾದವರ ಮನಸ್ಸನ್ನು ನಾನು ದೂರದಿಂದ ಅಳೆಯಲಾರೆ.

ಒಳ್ಳೆಯದಾದ ಕಡೆಗಳೂ ಇವೆ, ಮತ್ತು ಅವು ಇರುವುದರಿಂದಲೇ ಈ ವಿಷಯದಲ್ಲಿ ನನಗೆ ಭರವಸೆ. ಬಾಸ್ನಿಯಾದ ಮೊಸ್ತಾರ್ ನಗರದ ಹಳೆಯ ಸೇತುವೆ 1993ರ ನವೆಂಬರ್ 9ರಂದು ಫಿರಂಗಿ ಗುಂಡುಗಳಿಗೆ ಉರುಳಿ ನೆರೆತ್ವಾ ನದಿಗೆ ಬಿತ್ತು. ನಾಲ್ಕು ವರ್ಷಗಳ ನಂತರ ಹಂಗೇರಿಯ ಸೇನೆಯ ಮುಳುಗುಗಾರರು ಅದರ ಕಲ್ಲುಗಳನ್ನು ಹೊಳೆಯ ತಳದಿಂದ ಎತ್ತಿದರು. ಪರೀಕ್ಷಿಸಿದಾಗ ಬಹುತೇಕ ಕಲ್ಲುಗಳು ಮತ್ತೆ ಭಾರ ಹೊರಲಾರದಷ್ಟು ಜರ್ಜರಿತವಾಗಿದ್ದವು; ಹಾಗಾಗಿ ಅದೇ ಸೀಮೆಯ ಅದೇ ಜಾತಿಯ ಹೊಸ ಕಲ್ಲನ್ನು ತಂದು, ಹಳೆಯ ವಿಧಾನದಲ್ಲೇ ಕೆತ್ತಿ, 2004ರ ಜುಲೈ 23ರಂದು ಸೇತುವೆಯನ್ನು ತೆರೆದರು. ಹಳೆಯದನ್ನು ಎಲ್ಲಿ ಬಳಸಬೇಕು ಎಂಬಷ್ಟೇ ಎಲ್ಲಿ ಬಳಸಬಾರದು ಎಂಬ ತಿಳಿವಳಿಕೆಯೂ ನಮ್ಮ ವೃತ್ತಿಗೆ ಬೇಕು.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಕುಸಿದ ಫ್ರೌವೆನ್‌ಕಿರ್ಖೆ ಎಂಬ ಚರ್ಚಿನ ಕಲ್ಲಿನ ರಾಶಿ ಸುಮಾರು ಅರ್ಧ ಶತಮಾನ ಹಾಗೆಯೇ ಇತ್ತು. 1990ರ ದಶಕದಲ್ಲಿ ಒಂದೊಂದು ಕಲ್ಲನ್ನೂ ಅಳೆದು, ಚಿತ್ರ ತೆಗೆದು, ಅದು ಮೂಲದಲ್ಲಿ ಎಲ್ಲಿತ್ತೆಂದು ಲೆಕ್ಕ ಹಾಕಿ, ಮೂರೂವರೆ ಸಾವಿರಕ್ಕೂ ಹೆಚ್ಚು ಹಳೆಯ ಕಲ್ಲುಗಳನ್ನು ಹೊಸ ಗೋಡೆಯಲ್ಲಿ ಸೇರಿಸಿದರು. ಹೊಸ ಕಲ್ಲಿನ ನಸುಹಳದಿಯ ನಡುವೆ ಅವು ಕಪ್ಪಗೆ ಎದ್ದು ಕಾಣುತ್ತವೆ. ಗೋಪುರದ ಮೇಲಿನ ಶಿಲುಬೆಯನ್ನು ಮಾಡಿದ ಬ್ರಿಟಿಷ್ ಅಕ್ಕಸಾಲಿಗ ಅಲನ್ ಸ್ಮಿತ್ ಅವರ ತಂದೆ, ಆ ಊರಿನ ಮೇಲೆ ಬಾಂಬ್ ಹಾಕಿದ ವಿಮಾನಗಳ ಸಿಬ್ಬಂದಿಯಲ್ಲಿ ಒಬ್ಬರು. ಮೊಸುಲ್‌ನಲ್ಲಿ ಯುನೆಸ್ಕೊ ಆಶ್ರಯದಲ್ಲಿ ಮಸೀದಿಯೊಂದರ ಅಲ್-ಹದ್ಬಾ ಮಿನಾರನ್ನು ಮತ್ತೆ ಎತ್ತಿದಾಗ ಅವಶೇಷದಿಂದ ಆರಿಸಿದ ಸುಮಾರು 45,000 ಹಳೆಯ ಇಟ್ಟಿಗೆಗಳನ್ನು ಬಳಸಿದರು; ಅದೇ ಯೋಜನೆಯಲ್ಲಿ ಎರಡು ಚರ್ಚುಗಳೂ ಎದ್ದವು. ಒಂದೇ ಊರಿನ ಕುಶಲಕರ್ಮಿಗಳು ಮಸೀದಿಯಲ್ಲೂ ಚರ್ಚಿನಲ್ಲೂ ಗಾರೆ ಹಿಡಿದರು. ಈ ಮೂರೂ ಕಡೆ ಗಮನಿಸಿ: ಕೆಲಸ ನಿಧಾನವಾಗಿ ನಡೆಯಿತು, ಲೆಕ್ಕ ಬಹಿರಂಗವಾಗಿತ್ತು, ಒಂದೊಂದು ಕಲ್ಲನ್ನೂ ಅದರ ಮೂಲದ ಗುರುತಿನೊಡನೆ ನೋಡಿದರು. ಕೋಟಿಗಟ್ಟಲೆ ಟನ್ನಿಗೆ ಇಷ್ಟು ನಿಧಾನ ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಬೀದಿಗೊಂದು ಸಮಿತಿ, ಮನೆಗೊಂದು ದಾಖಲೆ, ಅರೆದ ಜಲ್ಲಿಯಲ್ಲಿ ಮನೆಯವರಿಗೆ ಪಾಲು, ಕೂಲಿಯಲ್ಲಿ ಎಲ್ಲ ಸಮುದಾಯದವರಿಗೂ ಜಾಗ, ಇವು ಸಾಧ್ಯ.

ನಮ್ಮಲ್ಲಿ ಯುದ್ಧವಿಲ್ಲ, ಆದರೂ ಈ ವಿದ್ಯೆಯಿಂದ ನಮಗೂ ಪ್ರಯೋಜನವಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನ ಕ್ರಷರ್ ಬಳಿ, ಕಲ್ಲು ಒಡೆಯಲೆಂದು ತಂದಿದ್ದ ಸ್ಫೋಟಕಗಳು ಸಿಡಿದು ಕೆಲಸಗಾರರು ಜೀವ ತೆತ್ತದ್ದನ್ನು, ಭೂಕಂಪವೆಂದು ನಾವೆಲ್ಲ ಮನೆಯಿಂದ ಹೊರಗೆ ಓಡಿಬಂದದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಒಂದು ಲೋಡು ಹಳೆಯ ಕಾಂಕ್ರೀಟು ಜಲ್ಲಿಯಾಗಿ ಮರಳಿ ಬಂದರೆ ಒಂದು ಲೋಡು ಬೆಟ್ಟ ಉಳಿಯುತ್ತದೆ. ಕಟ್ಟಡ ತ್ಯಾಜ್ಯದ ನಿರ್ವಹಣೆಗೆ ದೇಶದಲ್ಲಿ 2016ರಿಂದಲೇ ಪ್ರತ್ಯೇಕ ನಿಯಮಗಳಿವೆ. ನಮ್ಮ ಪಟ್ಟಣಗಳಲ್ಲಿ ಅವು ಕಾಗದದಿಂದ ಬೀದಿಗೆ ಇಳಿಯಬೇಕಾಗಿದೆ.

ಈಗ ನಿಮ್ಮ ಎರಡು ಕೊಠಡಿಗಳು. ಕೆಡವುವ ಮೊದಲು ಛಾವಣಿಯನ್ನು ನೋಡಿ. ಸಿಮೆಂಟ್ ಶೀಟು ಇದ್ದರೆ ಅದನ್ನು ಮಕ್ಕಳಿಲ್ಲದ ದಿನ, ಒಡೆಯದೆ, ನೀರು ಹಾಕಿ, ಬೋಲ್ಟು ಬಿಚ್ಚಿ ಇಳಿಸುವಂತೆ ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸಿ. ಅದರ ಚೂರನ್ನು ಯಾವ ಪ್ರಯೋಗಕ್ಕೂ ಬಳಸಬೇಡಿ. ಹಂಚಾಗಿದ್ದರೆ ಅದೃಷ್ಟ. ಕೆಲಸಗಾರರು ಇಳಿಸಿ ಒಟ್ಟಿದ ಮೇಲೆ ಒಂದೊಂದನ್ನು ಮಗುಚಿ, ಕೆಳಮೈಯಲ್ಲಿ ಅಚ್ಚಾಗಿರುವ ಕಾರ್ಖಾನೆಯ ಹೆಸರನ್ನು ಮಕ್ಕಳು ಓದಲಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ನಿಮ್ಮ ಶಾಲೆಯವರೆಗಿನ ದಾರಿಯನ್ನು ಅವರೇ ಹುಡುಕಲಿ. ಹಂಚು, ಮರ, ಜಂಬಿಟ್ಟಿಗೆ, ಕಾಂಕ್ರೀಟು, ಕಬ್ಬಿಣ ಒಂದೊಂದೂ ಎಷ್ಟು, ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯವರೊಡನೆ ಕೂತು ಮೊದಲೇ ಬರೆದು ಸೂಚನಾ ಫಲಕಕ್ಕೆ ಹಚ್ಚಿ. ನಂತರ ಹಳೆಯ ಕಾಂಕ್ರೀಟಿನ, ಇಟ್ಟಿಗೆಯ ಮತ್ತು ಹೊಸ ಜಲ್ಲಿಯ ಒಂದೊಂದು ಕಿಲೋ ಚೂರನ್ನು ಬಿಸಿಲಿನಲ್ಲಿ ಎರಡು ದಿನ ಒಣಗಿಸಿ ತೂಗಿಸಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಮತ್ತೆ ತೂಗಿಸಿ. ಎರಡನೆಯ ಸಲ ತೂಗುವ ಮುನ್ನ ಚೂರಿನ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಮೇಲೆ ನಿಂತ ನೀರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮಕ್ಕಳು ಬರೆದ ಅಂಕಿಗಳನ್ನು ನನಗೂ ಕಳುಹಿಸಿ. ನನ್ನ ಲೆಕ್ಕದೊಂದಿಗೆ ಹೋಲಿಸಿ ಅವರಿಗೆ ಉತ್ತರ ಬರೆಯುತ್ತೇನೆ.